ಸಣ್ಣ ನೆಗ್ಗಿಗೆ ವಿಮಾನವನ್ನೇ ನಿಲ್ಲಿಸಬೇಕೆ?

ಪ್ರಶ್ನೆ: ಸಾಮಾನು ತುಂಬುವ ವಾಹನ ತಾಗಿತೆಂದು ನಾವು ಹೊರಡಬೇಕಿದ್ದ ವಿಮಾನವನ್ನು ತಡೆದು ನಿಲ್ಲಿಸಿದರು. ಸಣ್ಣ ನೆಗ್ಗಿಗೆ ಇಷ್ಟು ಭಯವೇಕೆ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಬೇಸರ ಸಹಜವೇ, ಆದರೆ ಕಾರಿಗೆ ಬೀಳುವ ನೆಗ್ಗಿನಂತೆ ಇದನ್ನು ನೋಡಲಾಗದು. ವಿಮಾನ ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಒಳಗಿನ ಒತ್ತಡವನ್ನು ಮಾತ್ರ ಪ್ರಯಾಣಿಕರ ಉಸಿರಾಟಕ್ಕೆ ತಕ್ಕಂತೆ ಕಾಯ್ದುಕೊಳ್ಳಲಾಗುತ್ತದೆ. ಹೀಗಾಗಿ ತೆಳುವಾದ ಲೋಹದ ಹೊದಿಕೆ ಊದಿದ ಬಲೂನಿನಂತೆ ಬಿಗಿಯುತ್ತದೆ, ಪೆಟ್ಟು ಬಿದ್ದ ಜಾಗ ಹರಿಯಬಹುದು.

2005ರ ಡಿಸೆಂಬರ್ 26ರಂದು ಅಮೆರಿಕದ ಸಿಯಾಟಲ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್‌ನ ಎಂಡಿ-83 ವಿಮಾನದಲ್ಲಿ ಆದದ್ದು ಇದೇ. ಸುಮಾರು 26,000 ಅಡಿ ಎತ್ತರದಲ್ಲಿ ಒಳಗಿನ ಒತ್ತಡ ಹಠಾತ್ತನೆ ಕುಸಿದು, ಆಮ್ಲಜನಕದ ಮುಖವಾಡಗಳು ತಲೆಯ ಮೇಲಿಂದ ಜೋತುಬಿದ್ದವು. ಪೈಲಟ್‌ಗಳು ಅದನ್ನು ಸುರಕ್ಷಿತವಾಗಿ ಸಿಯಾಟಲ್‌ಗೇ ಮರಳಿಸಿದರು. ನೋಡಿದರೆ, ವಿಮಾನದ ಮೈಯಲ್ಲಿ ಸುಮಾರು ಒಂದು ಅಡಿ ಉದ್ದ, ಅರ್ಧ ಅಡಿ ಅಗಲದ ರಂಧ್ರ! ನಿಲ್ದಾಣದಲ್ಲಿ ತನ್ನ ವಾಹನ ವಿಮಾನಕ್ಕೆ ತಾಗಿದ್ದನ್ನು ಕೆಲಸಗಾರನೊಬ್ಬ ಆ ಬಳಿಕವಷ್ಟೇ ಒಪ್ಪಿಕೊಂಡ. ತಾಗಿದ್ದಕ್ಕಿಂತ, ತಾಗಿದ್ದನ್ನು ಹೇಳದೆ ಉಳಿದದ್ದೇ ದೊಡ್ಡ ತಪ್ಪೆಂದು ನನಗನ್ನಿಸುತ್ತದೆ. ನಿಮ್ಮ ವಿಮಾನದ ವಿಷಯವನ್ನು ಯಾರೋ ಕೂಡಲೇ ತಿಳಿಸಿದ್ದಾರೆ; ಅವರಿಗೆ ನಾವು ಕೃತಜ್ಞರಾಗಿರಬೇಕು.

ಬೋಯಿಂಗ್ 787ರಂತಹ ವಿಮಾನಗಳ ಮೈ ಬಹುಪಾಲು ಇಂಗಾಲದ ನಾರಿನ ಪದರಗಳಿಂದಾದದ್ದು. ಅಲ್ಲಿ ಪೆಟ್ಟು ಬಿದ್ದರೆ ಹೊರಗೆ ಗುರುತೇ ಕಾಣದೆ ಒಳಪದರಗಳು ಬಿಟ್ಟುಕೊಂಡಿರುವುದೂ ಉಂಟು. ಅಲ್ಟ್ರಾಸೌಂಡ್‌ನಂತಹ ಪರೀಕ್ಷೆಯಿಂದ ಅದನ್ನು ಹುಡುಕಬೇಕಾಗುತ್ತದೆ.