ಸಿಲಿಕೋನ್ ಅಚ್ಚಿನಲ್ಲಿ ಕರಡಿ ಕೇಕ್

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆಂದು ಕರಡಿಯಾಕಾರದ ಸಿಲಿಕೋನ್ ಅಚ್ಚನ್ನು ತರಿಸಿ, ಮೊಟ್ಟೆಯಿಲ್ಲದೆ, ಮೊಸರು ಮತ್ತು ಅಡುಗೆ ಸೋಡಾ ಬಳಸಿ ಕೇಕ್ ಮಾಡಿದೆ. ಒಟಿಜಿಯಲ್ಲಿ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) 180 ಡಿಗ್ರಿಗೆ 35 ನಿಮಿಷ ಬೇಯಿಸಿದರೂ ಹೊಟ್ಟೆಯ ಭಾಗ ಹಸಿಯಾಗಿತ್ತು. ತೆಗೆಯುವಾಗ ಕಿವಿಗಳೆರಡೂ ಅಚ್ಚಿನಲ್ಲೇ ಉಳಿದವು. ಅಚ್ಚು ಕಳಪೆಯಿರಬಹುದೇ?
– ಓದುಗರು, ದಾವಣಗೆರೆ

ಉತ್ತರ: ಅಚ್ಚನ್ನು ದೂರುವ ಮೊದಲು ಅದರ ಗುಣವನ್ನು ಗಮನಿಸಬೇಕು. ಸಿಲಿಕೋನ್ ಲೋಹದಂತೆ ಶಾಖವನ್ನು ಬೇಗ ಒಳಕ್ಕೆ ದಾಟಿಸುವುದಿಲ್ಲವಾದ್ದರಿಂದ, ತಗಡಿನ ತಟ್ಟೆಗೆ ಬರೆದ ಸಮಯ ಇಲ್ಲಿ ಸಾಲದು. ಶಾಖವನ್ನು ಹೆಚ್ಚಿಸಿದರೆ ತೆಳುವಾದ ಕಿವಿ, ಕೈಗಳು ಒಣಗಿ ಗಟ್ಟಿಯಾಗುತ್ತವೆಯೇ ಹೊರತು ಹೊಟ್ಟೆ ಬೇಯುವುದಿಲ್ಲ. ಆದ್ದರಿಂದ 160 ಡಿಗ್ರಿಗೆ ಇಳಿಸಿ, 50 ನಿಮಿಷದ ನಂತರ ಹೊಟ್ಟೆಯ ಅತಿ ಆಳದ ಜಾಗಕ್ಕೆ ಟೂತ್‌ಪಿಕ್ ಚುಚ್ಚಿ ನೋಡಿ. ಅಷ್ಟರಲ್ಲಿ ಅಂಚುಗಳು ಕೆಂಪಾಗತೊಡಗಿದರೆ ಅಲ್ಲಿಗೆ ಮಾತ್ರ ಫಾಯಿಲ್ ಮುಚ್ಚಬಹುದು.

ಕಿವಿ ಮುರಿಯಲು ಮುಖ್ಯ ಕಾರಣ ಮಿಶ್ರಣವೆಂದೇ ನನ್ನ ಅನಿಸಿಕೆ. ಸೋಡಾದಿಂದ ಉಬ್ಬುವ ಹಗುರವಾದ ಕೇಕ್ ತಿನ್ನಲು ಮೃದುವಾಗಿದ್ದರೂ ಇಂಥ ಸೂಕ್ಷ್ಮ ಆಕಾರವನ್ನು ಹಿಡಿದಿಡಲಾರದು. ಬೆಣ್ಣೆ ಹೆಚ್ಚಿರುವ ಗಟ್ಟಿ ಮಿಶ್ರಣವೇ ವಾಸಿ. ಅಂಟದ ಅಚ್ಚು ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ಅದನ್ನು ನಂಬದೆ, ಕರಗಿಸಿದ ಬೆಣ್ಣೆಯನ್ನು ಬ್ರಷ್‌ನಿಂದ ಕಿವಿ, ಮೂತಿಯ ಸಂದುಗಳಿಗೆಲ್ಲ ಸವರಿ ಮೈದಾ ಉದುರಿಸಿ, ಹೆಚ್ಚಾದುದನ್ನು ಕೊಡವಿಬಿಡಿ. ಅಚ್ಚು ಬಳುಕುವುದರಿಂದ ಅದನ್ನು ಮೊದಲೇ ಗಟ್ಟಿ ತಟ್ಟೆಯ ಮೇಲಿಟ್ಟುಕೊಂಡು, ಒಂದೊಂದು ಕಿವಿಗೂ ಚಮಚದಿಂದ ಸ್ವಲ್ಪ ಮಿಶ್ರಣ ಹಾಕಿ, ತಟ್ಟೆಯನ್ನು ಮೆಲ್ಲಗೆ ತಟ್ಟಿ ಗಾಳಿಯ ಗುಳ್ಳೆಗಳನ್ನು ಹೊರಡಿಸಿದ ಮೇಲೆಯೇ ಉಳಿದುದನ್ನು ಸುರಿಯಿರಿ. ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ. ಮಧ್ಯದಲ್ಲಿ ಸ್ವಲ್ಪ ತಗ್ಗಾಗಿ, ಅಂಚಿನಲ್ಲಿ ಎತ್ತರವಾಗಿ ಹರಡಿದರೆ ಹೊಟ್ಟೆ ಗೋಪುರದಂತೆ ಉಬ್ಬುವುದು ತಪ್ಪುತ್ತದೆ. ಇಲ್ಲವಾದರೆ ಬೋರಲು ಹಾಕಿದಾಗ ಕೇಕ್ ನೆಟ್ಟಗೆ ಕೂರದೆ ಬಿರುಕು ಬಿಡುತ್ತದೆ.

ಬಿಸಿಯಿರುವಾಗ ತೆಗೆಯುವ ಆತುರವೇ ಹಲವರ ಕೇಕನ್ನು ಕೆಡಿಸುತ್ತದೆ. ಪೂರ್ತಿ ಆರಿದ ಮೇಲೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಬೆಣ್ಣೆ ಗಟ್ಟಿಯಾಗಿ ಕಿವಿಗಳಿಗೆ ಬಲ ಬರುತ್ತದೆ. ಅನಂತರ ತಟ್ಟೆಯ ಮೇಲೆ ಬೋರಲು ಹಾಕಿ, ಕೇಕನ್ನು ಎಳೆಯದೆ ಅಚ್ಚನ್ನೇ ಅಂಚಿನಿಂದ ಸುಲಿಯುತ್ತ ಬನ್ನಿ. ಒಳಗೆ ಚಾಕು ಆಡಿಸಬೇಡಿ, ಅಚ್ಚು ಹರಿದೀತು.

ಪ್ರಶ್ನೆ: ಓವನ್ ಇಲ್ಲದವರು ಇಂಥ ಅಚ್ಚನ್ನು ಕುಕ್ಕರಿನಲ್ಲಿ ಇಡಬಹುದೇ?
– ಓದುಗರು, ಶಿರಸಿ

ಉತ್ತರ: ನಾನಂತೂ ಬೇಡವೆನ್ನುತ್ತೇನೆ. ನೀರಿಲ್ಲದೆ ಕಾಯುವ ಕುಕ್ಕರಿನ ತಳದ ಶಾಖ ಎಷ್ಟಕ್ಕೇರುತ್ತದೆ ಎಂದು ಅಳೆಯುವ ದಾರಿಯಿಲ್ಲ. ಸಿಲಿಕೋನ್ ತಾಳುವ ಮಿತಿ ಸಾಮಾನ್ಯವಾಗಿ 220ರಿಂದ 230 ಡಿಗ್ರಿಯ ಆಸುಪಾಸು. ಅಚ್ಚು ತಳಕ್ಕೋ ಗೋಡೆಗೋ ತಾಗಿದರೆ ಸುಟ್ಟ ವಾಸನೆ ಕೇಕಿಗೂ ಹಿಡಿಯುತ್ತದೆ. ಕುಕ್ಕರಿಗೆ ದುಂಡನೆಯ ಅಲ್ಯೂಮಿನಿಯಂ ಡಬ್ಬಿಯೇ ಸರಿ. ಕರಡಿಯ ಮುಖವನ್ನು ಆಮೇಲೆ ಕ್ರೀಮಿನಲ್ಲಿ ಬಿಡಿಸಿಕೊಳ್ಳಬಹುದು.