ಗೂಗಲ್‌ನಲ್ಲಿ ಹುಡುಕಿದ್ದು ಸಿಗುತ್ತಿಲ್ಲವೇ?

ಪ್ರಶ್ನೆ: 2008ರ ಸುತ್ತೋಲೆಯೊಂದರ ಪಿಡಿಎಫ್ ಇಲಾಖೆಯ ಜಾಲತಾಣದಲ್ಲೇ ಇದೆ. ಅದರ ಒಂದು ಸಾಲನ್ನು ಇದ್ದ ಹಾಗೇ ಗೂಗಲ್‌ನಲ್ಲಿ ಟೈಪ್ ಮಾಡಿದರೂ ಸಿಗುವುದಿಲ್ಲ. ನನ್ನ ಟೈಪಿಂಗ್‌ನಲ್ಲೇ ತಪ್ಪಿದೆಯೇ?
— ಶಿಕ್ಷಕರು, ಹಾವೇರಿ

ಉತ್ತರ: ತಪ್ಪು ಬಹುಶಃ ನಿಮ್ಮದಲ್ಲ, ಕಡತದ್ದು. ಅದರಲ್ಲಿರುವ ‘ಕನ್ನಡ’ ಎಂಬ ಪದವನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಪೌಂಡ್ ಗುರುತು ಎಲ್ಲ ಬಂದರೆ ಅದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನ ಕಡತ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ಕೂರಿಸಿರುತ್ತಾರೆ. ನಮ್ಮ ಕಣ್ಣಿಗೆ ಅಚ್ಚಗನ್ನಡ, ಗೂಗಲ್‌ಗೆ ಬರೀ ಕಲಸುಮೇಲೋಗರ. ಪದವನ್ನು ಸೆಲೆಕ್ಟ್ ಮಾಡಲಿಕ್ಕೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ.

ನುಡಿ ಕಡತವಾದರೆ ಅಂಕಿ ಹಿಡಿದು ಹುಡುಕಿ. ಅಂಕಿಗಳ ಸಂಕೇತ ಅಲ್ಲೂ ಬದಲಾಗಿರುವುದಿಲ್ಲ. ಸುತ್ತೋಲೆಯ ಸಂಖ್ಯೆ, ದಿನಾಂಕಗಳನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಕೊಡಿ. ಜೂನ್ ತಿಂಗಳಾದರೆ 6 ಎಂದೊಮ್ಮೆ, 06 ಎಂದೊಮ್ಮೆ ಹಾಕಿ ನೋಡಿ.

ಒಂದೇ ತಾಣದೊಳಗೆ ಹುಡುಕಲು ‘ಸೈಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕೋಲನ್ ಹಾಕಿ, ಅದಕ್ಕಂಟಿಕೊಂಡೇ ತಾಣದ ವಿಳಾಸ ಬರೆಯಿರಿ. ಪಿಡಿಎಫ್ ಮಾತ್ರ ಸಾಕೆಂದರೆ ‘ಫೈಲ್‌ಟೈಪ್’, ಕೋಲನ್, ‘ಪಿಡಿಎಫ್’, ಇದೂ ಇಂಗ್ಲಿಷಿನಲ್ಲೇ. ಕೋಲನ್ ಆದ ಮೇಲೆ ಸ್ಪೇಸ್ ಬಿಡಬಾರದು. ಹೆಚ್ಚಿನವರು ಎಡವುವುದು ಇಲ್ಲೇ.

ಇನ್ನು ಕಡತ ಸಿಕ್ಕಿದ ಮೇಲೆ ಅದರೊಳಗೆ ಒಂದು ಪದ ಹುಡುಕಬೇಕಾದರೆ, ಆ ಪದವನ್ನು ಅಲ್ಲಿಂದಲೇ ಕಾಪಿ ಮಾಡಿ ಕಂಟ್ರೋಲ್-ಎಫ್ ಪೆಟ್ಟಿಗೆಗೆ ಹಾಕಿ. ಪೆಟ್ಟಿಗೆಯಲ್ಲಿ ಕಾಣುವುದು ಕಲಸುಮೇಲೋಗರವೇ ಆದರೂ ಕಡತದಲ್ಲಿರುವುದೂ ಅದೇ ತಾನೇ!

ಪ್ರಶ್ನೆ: ವಿಜಯಪುರ ಜಿಲ್ಲೆಯ ಬರಗಾಲದ ಹಳೆಯ ವರದಿಗಳು ಬೇಕು. ಈಚಿನ ಸುದ್ದಿಗಳೇ ಬರುತ್ತವೆ.
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ವರದಿ ಬರೆದವರು ಬಳಸಿದ ಹೆಸರನ್ನೇ ನೀವೂ ಬಳಸಬೇಕು. ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಕಾಗದಪತ್ರಗಳಿಗೆ ಬಿಜಾಪುರ ಎಂದೇ ಕೊಡಿ. ಕನ್ನಡದಲ್ಲಿ ‘ವಿಜಾಪುರ’ವನ್ನೂ ಬಿಡಬೇಡಿ. ಆದರೆ ಛತ್ತೀಸಗಢದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ, ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ. ಬೇಡದ ಪದದ ಎಡಕ್ಕೆ, ಅದರ ಮೊದಲ ಅಕ್ಷರಕ್ಕೆ, ಮೈನಸ್ ಗುರುತನ್ನು ಅಂಟಿಸಿ ಬರೆದರೆ ಆ ಪದವಿರುವ ಪುಟಗಳು ಹೊರಗುಳಿಯುತ್ತವೆ.

ಉದ್ಧರಣ ಚಿಹ್ನೆಯೊಳಗೆ ‘ಬರಗಾಲದಲ್ಲಿ’ ಎಂದು ಕೊಟ್ಟರೆ ‘ಬರಗಾಲಕ್ಕೆ’, ‘ಬರಗಾಲದ’ ಎಂದಿರುವ ಪುಟಗಳು ತಪ್ಪಿಹೋಗಬಹುದು. ವಿಭಕ್ತಿ ಪ್ರತ್ಯಯ ಕಳಚಿ, ಚಿಹ್ನೆ ಇಲ್ಲದೆ, ‘ಬರಗಾಲ’ ಎಂದಷ್ಟೇ ಹಾಕಿ. ‘ಕ್ಷಾಮ’, ‘ಬರ’ ಎಂದೂ ಪ್ರತ್ಯೇಕವಾಗಿ ಹುಡುಕಿ. ಗೂಗಲ್‌ನ ದಿನಾಂಕದ ಸೋಸುವಿಕೆಯನ್ನು ಈ ಕೆಲಸಕ್ಕೆ ನೆಚ್ಚಬೇಡಿ. 1970ರ ವರದಿಯನ್ನು ಮೊನ್ನೆ ಮೊನ್ನೆ ಅಪ್‌ಲೋಡ್ ಮಾಡಿದ್ದರೆ ಅದಕ್ಕೆ ಮೊನ್ನೆಯ ತಾರೀಖೇ ಅಂಟಿರಬಹುದು.

ಪ್ರಶ್ನೆ: ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ನೋಡಿ ಕರೆ ಮಾಡಬಹುದೇ?
— ನಿವೃತ್ತ ನೌಕರರು, ಶಿವಮೊಗ್ಗ

ಉತ್ತರ: ಬೇಡ. ಮೊದಲಿಗೇ ಕಾಣುವುದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಆಗಿರಬಹುದು, ನಕಲಿ ನಂಬರುಗಳನ್ನು ಹರಿಬಿಡುವ ವಂಚಕರೂ ಇದ್ದಾರೆ. ಡೆಬಿಟ್ ಕಾರ್ಡಿನ ಹಿಂಬದಿಯಲ್ಲೋ ಪಾಸ್‌ಬುಕ್ಕಿನಲ್ಲೋ ಅಚ್ಚಾಗಿರುವ ನಂಬರಿಗೇ ಕರೆ ಮಾಡಿ. ಆ ಕಡೆಯವರು ಓಟಿಪಿ ಕೇಳಿದರೆ, ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನಿಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.