ಮಗನಿಗೆ ನಿದ್ದೆ ಇಂಜೆಕ್ಷನ್ ಕೊಡಿಸುವ ಮುಂಚೆ

ಅಕ್ಕಾ, ಮಾತು ಬರದ, ಎದ್ದು ಕೂರಲಾಗದ 19ರ ಮಗನಿಗೆ ಹಲ್ಲು ಕೀಳಲು "ಸ್ವಲ್ಪ ನಿದ್ದೆ ಇಂಜೆಕ್ಷನ್ ಸಾಕು" ಅಂದಿದ್ದಾರೆ, ಒಪ್ಪಬಹುದಾ ಅಂತ ಕೇಳಿದ್ದೀರಿ. ನನ್ನ ತಮ್ಮನೂ ಹೀಗೇ ಇದ್ದಾನೆ. ನಾನು ಡಾಕ್ಟರಲ್ಲ. ಆದರೂ ಹೇಳ್ತೀನಿ, ಉಸಿರು ನೋಡಿಕೊಳ್ಳೋಕೆ ಅರಿವಳಿಕೆ ಡಾಕ್ಟರ್ ಬೇರೆಯಾಗಿ ಪಕ್ಕದಲ್ಲಿ ಇಲ್ಲದಿದ್ದರೆ ಒಪ್ಪಬೇಡಿ.

ಇಂಥವರಿಗೆ ಎಚ್ಚರ ಇದ್ದಾಗಲೇ ಜೊಲ್ಲು ನುಂಗೋದು ಕಷ್ಟ ಅಲ್ವಾ? ಮಂಪರಿನಲ್ಲಿ ಕೆಮ್ಮೂ ಸರಿಯಾಗಿ ಬರುವುದಿಲ್ಲ. ಜೊಲ್ಲು, ರಕ್ತ, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಬೆನ್ನು ಸೊಟ್ಟಗಿದ್ದರೆ ಉಸಿರಾಟಕ್ಕೆ ಇನ್ನೂ ತೊಂದರೆ. ಫಿಟ್ಸ್‌ಗೆ ಕ್ಲೊಬಜಾಮ್, ಫಿನೋಬಾರ್ಬಿಟೋನ್ ಕೊಡುತ್ತಿದ್ದರೆ, ನಿದ್ದೆ ಇಂಜೆಕ್ಷನ್ ಆದ ಮಿಡಜೋಲಮ್ ಜೊತೆ ಸೇರಿ ಉಸಿರು ಜಾಸ್ತಿ ನಿಧಾನವಾಗಬಹುದು. ಎಲ್ಲ ಚೀಟಿ ತೋರಿಸಿ. ಅವತ್ತಿನ ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ಕೇಳಿ.

ಇಂಜೆಕ್ಷನ್ ಎಷ್ಟು ಅಂತ ತೂಕ ನೋಡಿ ಲೆಕ್ಕ ಹಾಕ್ತಾರೆ, ಅದಕ್ಕೇ ಅವನ ತೂಕ ಅಂದಾಜಿಗೆ ಹೇಳಬೇಡಿ. ನಮ್ಮಮ್ಮ ತಮ್ಮನನ್ನು ಎತ್ತಿಕೊಂಡೇ ತಕ್ಕಡಿ ಮೇಲೆ ನಿಂತು, ತನ್ನ ತೂಕ ಕಳೆದಿದ್ದರು!

ಸಾಮಾನ್ಯವಾಗಿ ಊಟ, ಹಾಲು 6 ಗಂಟೆ, ಬರೀ ನೀರು 2 ಗಂಟೆ ಮುಂಚೆ ನಿಲ್ಲಿಸಬೇಕು. ಮೂಡಿಗೆರೆಯಿಂದ ಹಾಸನಕ್ಕೆ ಬರೋರು ನೀವು, ಸುಮ್ನೆ ಹಸಿದು ಕಾಯಬೇಡಿ, ಬೆಳಗಿನ ಮೊದಲ ಸರದಿ ಕೇಳಿ. ಶೀತ, ಕೆಮ್ಮು ಬಂದರೆ ಮೊದಲೇ ಫೋನ್ ಮಾಡಿ, ಮುಂದೂಡಬೇಕಾಗಬಹುದು. ಅವನು ಏಳುವಾಗ ನೀವು ಪಕ್ಕದಲ್ಲಿರಬೇಕು ಅಂತಲೂ ಹೇಳಿಡಿ. ನೋವಾದರೆ ಅವನ ಮುಖ ಹೇಗಾಗುತ್ತದೆ ಅಂತ ನರ್ಸ್‌ಗೆ ಗೊತ್ತಿರುವುದಿಲ್ಲ.